ಬೀಗ ಹಾಕಿದ ಹಲಗೆ

ಅಂಬಿಗ ಟೋಬಿಯಸ್ ರೇ ಹೆಣವಾಗಿ ತೇಲಿದ್ದು ತಾನೇ ಒಡೆದಿದ್ದ ಸೀಳಿನಲ್ಲಿ. ಥೇಮ್ಸ್ ಹೆಪ್ಪುಗಟ್ಟಿ ದೋಣಿಗಳು ನಿಂತ ಮೇಲೆ ಲಂಡನ್ನಿನ ಅಂಬಿಗರಿಗೆ ಅದೇ ಹೊಟ್ಟೆಪಾಡು. ದಡದಂಚಿನ ಮಂಜುಗಡ್ಡೆ ಒಡೆಯುವುದು, ಮೇಲೊಂದು ಹಲಗೆ ಹಾಕುವುದು, ನದಿಯ ಮೇಲಿನ ಸಂತೆಗೆ ಹೋಗುವವರಿಂದ ಸುಂಕ ಕೀಳುವುದು.

ಬೆಳಿಗ್ಗೆ ಹೆಣ ಕಂಡವನು ಪಾಲುಗಾರ ಸೈಲಸ್ ಪೆಲ್, ಟೋಬಿಯಸ್‌ನ ಹೆಂಡತಿಯ ತಮ್ಮ. ಪೇದೆ ಆಂಬ್ರೋಸ್ ಟಲ್ ಬರುವಷ್ಟರಲ್ಲಿ ಅವನು ಊರಿಗೆಲ್ಲ ಸಾರಿಯಾಗಿತ್ತು: ದೋಣಿ ಮಂಜುಗಡ್ಡೆಗೆ ಸಿಕ್ಕಿ ಒಡೆದ ಮೇಲೆ ಭಾವ ಮಂಕಾಗಿದ್ದ, ತಾನೇ ಹಾರಿಕೊಂಡಿದ್ದಾನೆ.

ಹೆಂಡತಿ ಡಾರ್ಕಸ್ ಪೇದೆಯ ತೋಳು ಹಿಡಿದಳು. "ಸ್ವಾಮಿ, ತಾವಾಗೇ ಸತ್ತೋರನ್ನ ನಾಲ್ಕು ದಾರಿ ಕೂಡೋ ಕಡೆ ಹೂತು ಎದೆಗೆ ಗೂಟ ಹೊಡೀತಾರೆ. ನನ್ನ ಗಂಡನಿಗೆ ಆ ಗತಿ ಬೇಡ."

*

ಟೋಬಿಯಸ್ ಕುಡಿದು ಜಾರಿರಬೇಕು ಎಂದು ಟಲ್ ಮೊದಲು ಅಂದುಕೊಂಡ. ಆದರೆ ಪಕ್ಕದ ಅಂಬಿಗರ ಹಲಗೆ ದಾಟಿ ಸಂತೆಗೆ ಹೋಗಿ ಕೇಳಿದಾಗ, ನಿನ್ನೆ ಅವನು ಹನಿಯನ್ನೂ ಮುಟ್ಟಲಿಲ್ಲವೆಂದು ಹೆಂಡದ ಡೇರೆಯವಳು ಆಣೆ ಮಾಡಿದಳು. ಸೇತುವೆಯಡಿ ಮಂಜುಗಡ್ಡೆ ಬಿರುಕು ಬಿಟ್ಟಿದೆ, ನಾಳೆಗೇ ಜಾಗ ಖಾಲಿ ಮಾಡಿ ಎಂದು ಡೇರೆ ಡೇರೆ ತಿರುಗಿದ್ದನಂತೆ. ಎಲ್ಲರೂ ನಕ್ಕರಂತೆ. ಸಾಯಲು ಹೊರಟವನಿಗೆ ಊರವರ ಜೀವದ ಚಿಂತೆ ಯಾಕೆ?

ಟಲ್ ದಡಕ್ಕೆ ವಾಪಸಾದ.

"ಸೈಲಸ್, ನಿನ್ನೆ ಮನೆಗೆ ಹೋಗೋವಾಗ ಹಲಗೆ ಏನು ಮಾಡ್ದೆ?"

"ಹಾಗೇ ಬಿಟ್ಟೆ. ಭಾವ ಇನ್ನೂ ಸಂತೇಲಿದ್ದ. ಅದಿಲ್ದೆ ಹೆಂಗೆ ಬರ್ತಾನೆ?"

ಬೆಳಿಗ್ಗೆಯಿಂದ ಯಾವುದನ್ನೂ ಮುಟ್ಟಿಲ್ಲ ಎಂದೂ ಹೇಳಿದ.

"ಸರಿ, ಈಗ ಹಾಕು. ಆ ಕಡೆ ನೋಡ್ಬೇಕು."

ದಡದ ಮೇಲಿದ್ದ ಹಲಗೆಯಿಂದ ರಾತ್ರಿಯ ಹಿಮ ಕೊಡವಿ, ಸೊಂಟದ ಕೀಲಿ ತೆಗೆದು, ಸೈಲಸ್ ಸರಪಳಿಯ ಬೀಗ ಬಿಚ್ಚಿದ.

"ಇನ್ನೊಂದು ಕೀಲಿ ಯಾರ ಹತ್ರ ಇದೆ?"

"ಇರೋದೇ ಒಂದು."

"ಹಾಗಾದ್ರೆ ನೀನು ಬಿಟ್ಟು ಹೋದ ಹಲಗೇನ ಎಳೆದು ಬೀಗ ಹಾಕಿದ್ದು ಯಾರು?"



*

ಟಲ್ ಬಿಡಿಸಿ ಹೇಳಿದ. ಟೋಬಿಯಸ್ ಜಾರಿದ್ದರೂ ಹಾರಿದ್ದರೂ ಹಲಗೆ ಸೀಳಿನ ಮೇಲೇ ಇರಬೇಕಿತ್ತು. ಸತ್ತವನು ಬೀಗ ಹಾಕುವುದಿಲ್ಲ. ಯಾರೂ ಬಿಟ್ಟಿ ದಾಟಬಾರದೆಂದು ಅಂಬಿಗರು ದಿನಾ ಸಂಜೆ ಹಲಗೆ ಎಳೆದು ಬೀಗ ಜಡಿಯುತ್ತಾರೆ. ಭಾವನನ್ನು ನೀರಿಗೆ ನೂಕಿದ ಮೇಲೂ ಸೈಲಸ್‌ನ ಕೈ ರೂಢಿಯಂತೆ ಅದೇ ಕೆಲಸ ಮಾಡಿತ್ತು.

ಸೈಲಸ್ ಅಕ್ಕನ ಮುಖ ನೋಡಲಿಲ್ಲ. "ಸಂತೆ ಮುಚ್ಚಿಸ್ತೀನಿ ಅಂದ, ಅಕ್ಕಾ. ದೋಣಿ ಹೋಯ್ತು. ಇದೂ ಹೋದ್ರೆ ನನ್ನ ಮಕ್ಕಳು ಏನು ತಿನ್ಬೇಕು?"

"ಟೋಬಿಯಸ್‌ಗೆ ಚರ್ಚಿನ ಮಣ್ಣು ಸಿಗುತ್ತೆ, ತಾಯಿ," ಎಂದ ಟಲ್.

ಡಾರ್ಕಸ್ ತಲೆಯಾಡಿಸಿದಳು. ತಮ್ಮನ ಕೈಗೆ ಹಗ್ಗ ಬಿಗಿಯುವುದನ್ನು ನೋಡುತ್ತ ನಿಂತಳು.

"ಇವನನ್ನ ಎಲ್ಲಿ ಹೂಳ್ತಾರೆ, ಸ್ವಾಮಿ?"

ಟಲ್‌ಗೆ ಗೊತ್ತಿತ್ತು. ಗಲ್ಲಿಗೇರಿದ ಕೊಲೆಗಾರನ ಹೆಣವನ್ನು ಹೂಳುವುದಿಲ್ಲ, ಕೊಯ್ದು ಕಲಿಯಲು ವೈದ್ಯರಿಗೆ ಕೊಡುತ್ತಾರೆ.