ಹೆಸರಿಲ್ಲದ ತಂಡ ಮತ್ತು ಓಗೊಡುವ ಗುಡ್ಡ

ಬಹಳ ಹಿಂದೆ, ಗುಡ್ಡಗಳು ಇನ್ನೂ ಮನುಷ್ಯರ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ, ಹೊನ್ನಾಳ್ವಿ ಎಂಬ ರಾಜ್ಯವಿತ್ತು. ಆ ರಾಜ್ಯದ ನಡುವೆ ಒಂದು ದಂಡಶಾಲೆ. ಸೈನ್ಯವನ್ನು ಮುನ್ನಡೆಸುವ ನಾಯಕರನ್ನು ತಯಾರು ಮಾಡುವ ಶಾಲೆ ಅದು. ಮೂರು ವರ್ಷ ಓದು, ಮೂರು ವರ್ಷ ಓಟ, ಮೂರು ವರ್ಷ ಬೈಗುಳ, ಎಲ್ಲವೂ ಒಟ್ಟೊಟ್ಟಿಗೇ ನಡೆಯುತ್ತಿದ್ದವು.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ವರ್ಷ ಹೊರಗೆ ಹೋಗುವ ತಂಡ ತನಗೊಂದು ಹೆಸರು ಇಟ್ಟುಕೊಂಡೇ ಹೋಗಬೇಕು. ಕೊನೆಯ ದಿನ ಸೂರ್ಯ ಮುಳುಗುವ ಮುಂಚೆ ತಂಡ ಮೈದಾನದಲ್ಲಿ ಸಾಲಾಗಿ ನಿಲ್ಲುತ್ತದೆ. ಮೊದಲ ಸ್ಥಾನ ಬಂದವನಿಗೆ ಕತ್ತಿ. ಕೊನೆಯ ಸ್ಥಾನ ಬಂದವನಿಗೆ ಹೆಸರು ಹೊರುವ ಕೆಲಸ. ಅವನು ಸಾಲಿನ ಮುಂದೆ ನಿಂತು, ಎದುರಿಗಿರುವ ಓಗೊಡುವ ಗುಡ್ಡಕ್ಕೆ ಹೆಸರನ್ನು ಕೂಗಿ ಹೇಳಬೇಕು. ಗುಡ್ಡ ಒಪ್ಪಿದರೆ ಮರುದನಿ ಕೊಡುತ್ತದೆ, ಬಾಗಿಲ ಪಕ್ಕದ ಕಲ್ಲುಕಂಬದ ಮೇಲೆ ಆ ಹೆಸರು ತಾನಾಗಿಯೇ ಮೂಡುತ್ತದೆ. ಒಪ್ಪದಿದ್ದರೆ ಗುಡ್ಡ ಸುಮ್ಮನಿರುತ್ತದೆ.

ಹೆಸರೆಂದರೆ ಬರೀ ಬಾಯಿಮಾತಲ್ಲ. ಒಂದು ತಂಡದ ಹೆಸರು 'ಕುಂಟುಕುದುರೆ'. ಆ ತಂಡದವರು ಎಲ್ಲೇ ಸಿಕ್ಕಿಬಿದ್ದು ಹೆಸರು ಕರೆದರೂ ಒಂದು ಕುಂಟು ಕುದುರೆ ಬರುತ್ತದೆ. ನಿಧಾನ, ಆದರೆ ಮನೆ ಮುಟ್ಟಿಸದೆ ಬಿಡುವುದಿಲ್ಲ. ಇನ್ನೊಂದು ತಂಡದ ಹೆಸರು 'ಅರೆಬೆಂದ ಅನ್ನ'. ಒಲೆಯ ಮೇಲೆ ಅನ್ನವಿದ್ದಾಗಲೇ ಶತ್ರು ಬಂದನೆಂದು ಅವರು ಅರ್ಧ ಬೆಂದದ್ದನ್ನೇ ತಿಂದು ಓಡಿಹೋಗಿ ಗೆದ್ದಿದ್ದರು. ಅವರು ಹಸಿದು ಹೆಸರು ಕರೆದರೆ ಸಾಕು, ಎದುರಿಗೆ ಒಂದು ಮಡಕೆ ಬಂದು ಕೂರುತ್ತದೆ. ಅನ್ನ ಇವತ್ತಿಗೂ ಸರಿಯಾಗಿ ಬೆಂದಿರುವುದಿಲ್ಲ. ಯಾರೂ ದೂರು ಹೇಳಿಲ್ಲ.

ಒಂದೇ ಕಟ್ಟುಪಾಡು. ಬದುಕಿರುವವರ ಹೆಸರು ಇಡುವ ಹಾಗಿಲ್ಲ. ಯಾರ ಹೆಸರು ಹೊತ್ತರೋ ಅವರ ಮಾತನ್ನು ತಂಡ ಮೀರಲಾರದು. ಹಿಂದೊಮ್ಮೆ ಒಂದು ತಂಡ ಬದುಕಿದ್ದ ದಳವಾಯಿಯ ಹೆಸರಿಟ್ಟುಕೊಂಡಿತ್ತು. ಅವನು ತಮಾಷೆಗೆ "ಕೆರೆಗೆ ಹಾರ್ಕೊಳ್ಳಿ ಹೋಗಿ" ಎಂದ. ಎಲ್ಲರೂ ಹಾರಿದರು. ಬೇಸಿಗೆಯಾದ್ದರಿಂದ ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು, ಬದುಕಿಕೊಂಡರು.

ಈ ಕತೆ ನಡೆದ ವರ್ಷ ತಂಡದಲ್ಲಿ ಹನ್ನೆರಡು ಜನ. ಮೊದಲ ಸ್ಥಾನ ಯುವರಾಜ ಪದ್ಮರಾಜನದು. ಕೊನೆಯ ಸ್ಥಾನ ಕುರಿ ಕಾಯುವವರ ಮನೆಯ ಬೀರನದು. ಬೀರನಿಗೆ ಬುದ್ಧಿ ಕಡಿಮೆಯೇನಲ್ಲ, ನಡಿಗೆ ನಿಧಾನ. ಹುಟ್ಟಿದಾಗಿನಿಂದ ಮಂದೆಯ ಹಿಂದೆ ನಡೆದವನಿಗೆ ಮುಂದೆ ನುಗ್ಗುವುದು ಬರುತ್ತಿರಲಿಲ್ಲ. ದಂಡಶಾಲೆಯ ನಡಿಗೆಯಲ್ಲಿ ನೂರು ಹೆಜ್ಜೆಗೊಮ್ಮೆ ಸಾಲಿನ ಮೊದಲಿಗ "ಹಿಂದಿನೋರು ಬಂದ್ರಾ?" ಎಂದು ಕೂಗಬೇಕು, ಕೊನೆಯವನು "ಬಂದೆ" ಎನ್ನಬೇಕು. ಮೂರು ವರ್ಷ ಪದ್ಮರಾಜ ಕೂಗಿದ್ದ, ಬೀರ ಬಂದಿದ್ದ. ನಿದ್ದೆಯಲ್ಲೂ ಇಬ್ಬರೂ ಅದನ್ನೇ ಗೊಣಗುತ್ತಿದ್ದರು.

ಅದೇ ವರ್ಷ ಅರಸ ಹೊನ್ನರಸನಿಗೆ ಬಿಕ್ಕಳಿಕೆ ಹಿಡಿಯಿತು. ಮೂರು ತಿಂಗಳು ನಿಲ್ಲಲಿಲ್ಲ. ತೀರ್ಪು ಹೇಳಲು ಬಾಯಿ ತೆರೆದರೆ ಕಳ್ಳನಿಗೂ ಸಾಕ್ಷಿಗೂ ಒಟ್ಟಿಗೆ ನಗು ಬರುತ್ತಿತ್ತು. ಆಗ ಉಗ್ರತಾಳ ಎಂಬ ಮಾಯಗಾರ ಬಂದು, ಒಂದು ಚಿಟಿಕೆ ಬೂದಿ ಊದಿ ಬಿಕ್ಕಳಿಕೆ ನಿಲ್ಲಿಸಿದ. ಹಚ್ಚಿದವನೂ ಅವನೇ ಎಂದು ಬೇರೆ ಹೇಳಬೇಕಾಗಿಲ್ಲ.

"ಏನು ಬೇಕೋ ಕೇಳಿ, ಕೊಟ್ಟೆ" ಎಂದ ಅರಸ.

"ನನಗ್ಯಾಕೆ ಸ್ವಾಮಿ ಹೊನ್ನು? ಈ ವರ್ಷದ ತಂಡಕ್ಕೆ ನನ್ನ ಹೆಸರಿಡಿ, ಅಷ್ಟೇ ಸಾಕು" ಎಂದ ಉಗ್ರತಾಳ.

ಅರ್ಧ ರಾಜ್ಯ ಕೇಳುತ್ತಾನೆಂದು ಹೆದರಿದ್ದ ಅರಸ, ಇಷ್ಟೇ ತಾನೇ ಎಂದು ಖುಷಿಯಿಂದ ಒಪ್ಪಿಬಿಟ್ಟ. ಸುದ್ದಿ ತಿಳಿದು ದಂಡಶಾಲೆಯ ಗುರು ಗಂಗವ್ವೆ ಕೋಲೂರಿಕೊಂಡು ಆಸ್ಥಾನಕ್ಕೆ ಬಂದಳು. ಅರಸನೂ ಒಂದು ಕಾಲದಲ್ಲಿ ಅವಳ ಕೈಯಲ್ಲಿ ಬೈಸಿಕೊಂಡವನೇ.

"ಕಟ್ಟುಪಾಡು ಮರ್ತೆಯೇನಪ್ಪ? ಬದುಕಿರೋನ ಹೆಸರು ಹೊತ್ತರೆ ಹನ್ನೆರಡು ಜನ ಇವನ ಬೊಂಬೆಗಳಾಗ್ತಾರೆ. ಅದರಲ್ಲಿ ನಿನ್ನ ಮಗನೂ ಇದ್ದಾನೆ. ನಾಳೆ ಸೈನ್ಯ ಯಾರ ಮಾತು ಕೇಳುತ್ತೆ?"

ಅರಸ ತಲೆ ಹಿಡಿದುಕೊಂಡ. ಕೊಟ್ಟ ಮಾತು ಹಿಂದಕ್ಕೆ ಬಾರದು. ಆದರೆ ಗಂಗವ್ವೆ ಪದ್ಧತಿಯನ್ನು ಬಲ್ಲವಳು. "ತಂಡ ತಾನೇ ಹೆಸರು ತಂದು, ಗುಡ್ಡ ಒಪ್ಪಿದರೆ ಅದನ್ನ ಯಾರೂ ಬದಲಾಯಿಸೋ ಹಾಗಿಲ್ಲ. ತರದಿದ್ದರೆ ಮಾತ್ರ ಅರಸರು ಕೊಡಬಹುದು. ಇನ್ನೂ ಮೂರು ದಿನ ಇದೆ" ಎಂದಳು.

"ಆಗಲಿ, ಹುಡುಕ್ಕೊಳ್ಳಲಿ" ಎಂದು ಉಗ್ರತಾಳ ನಕ್ಕ. ನಕ್ಕು ಹೊರಗೆ ಹೋದವನೇ ಒಂದು ಶಿಳ್ಳೆ ಹಾಕಿದ. ಕಂಬದ ಮೇಲಿದ್ದ ಹೆಸರುಗಳೆಲ್ಲ ಇರುವೆ ಸಾಲಿನಂತೆ ಇಳಿದು ಬಂದು ಅವನ ಸೊಂಟದ ಚರ್ಮದ ಚೀಲ ಸೇರಿದವು. ಜನರ ನಾಲಿಗೆಯ ಮೇಲಿದ್ದ ವೀರರ ಹೆಸರುಗಳೂ ಹೋದವು. ಯಾರನ್ನು ಕೇಳಿದರೂ "ಅದೇ ಅವನು, ದೊಡ್ಡ ಮೀಸೆಯೋನು" ಎನ್ನುವುದಕ್ಕಿಂತ ಹೆಚ್ಚು ಹೇಳಲಾರರು.

ಗಂಗವ್ವೆ ತಂಡವನ್ನು ಕರೆದಳು. "ಸುಮ್ಮನೆ ಕಟ್ಟಿದ ಹೆಸರಿಗೆ ಗುಡ್ಡ ಓಗೊಡಲ್ಲ. ಶಿಳ್ಳೆಗೆ ಕದಲದಂತೆ ಬೇರೂರಿದ ಹೆಸರುಗಳು ಮೂರಿವೆ. ಕಗ್ಗಾಡಿನ ವೀರಗಲ್ಲಿನ ಮೇಲೆ ಒಂದು. ಹೊಳೆಯಾಚೆಯ ರಣಬಯಲಿನದು ಒಂದು. ಮೋಡದಕೋಡಿನ ತುದಿಯ ಗೂಡಿನಲ್ಲಿ, ಈ ರಾಜ್ಯ ಕಟ್ಟಿದ ಮೊದಲ ರಾಣಿಯ ಹೆಸರು ಒಂದು. ಹೋಗಿ. ಬೀರ, ಹೆಸರು ಹೊರೋನು ನೀನು, ಮುಂದೆ ನಡಿ. ಪದ್ಮರಾಜ, ನೀನು ಹಿಂದೆ."

ಬೀರನಿಗೆ ಮುಂದೆ ನಡೆಯುವುದೆಂದರೆ ಬೆನ್ನಿಗೆ ಬಟ್ಟೆ ಇಲ್ಲದ ಹಾಗಾಯಿತು. ಪದ್ಮರಾಜನಿಗೆ ಹಿಂದೆ ನಡೆಯುವುದೆಂದರೆ ಹನ್ನೊಂದು ಜನರ ಧೂಳು ತಿನ್ನುವುದು ಎಂದು ಆವತ್ತೇ ಗೊತ್ತಾಯಿತು.

ಮೊದಲ ದಿನ ಕಗ್ಗಾಡು. ಅಲ್ಲಿ ಒಬ್ಬಳು ಕೂಗುಮಾರಿಯಿದ್ದಳು. ಹೆಸರು ಹಿಡಿದು ಕೂಗುತ್ತಾಳೆ, ಓ ಎಂದವರು ಮರವಾಗುತ್ತಾರೆ. "ಯುವರಾಜ ಶ್ರೀ ಶ್ರೀ ಪದ್ಮರಾಜಾ" ಎಂದು ಅವಳು ಸಕ್ಕರೆಯಂಥ ದನಿಯಲ್ಲಿ ಕರೆದಳು. ಎರಡು ಶ್ರೀ ಕೇಳಿ ಯುವರಾಜ ಉಬ್ಬಿಹೋದ. ಓ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನಿಂದ ಬೀರನ ಕೂಗು ಬಂತು.

"ಹಿಂದಿನೋರು ಬಂದ್ರಾ?"

"ಬಂದೆ" ಎಂದ ಪದ್ಮರಾಜ. ಅದು ಬೀರನಿಗೆ ಕೊಟ್ಟ ಉತ್ತರ, ಕೂಗುಮಾರಿಗಲ್ಲ, ಹಾಗಾಗಿ ಅವನು ಮರವಾಗಲಿಲ್ಲ. ಬೀರ ಹತ್ತು ಹೆಜ್ಜೆಗೊಮ್ಮೆ ಕೂಗಲು ಶುರುಮಾಡಿದ, ಎಲ್ಲರೂ ಅವನಿಗೇ "ಬಂದೆ" ಎನ್ನತೊಡಗಿದರು. ಕೂಗುಮಾರಿ ಹನ್ನೆರಡು ಹೆಸರನ್ನೂ ಕರೆದು ಕರೆದು ಗಂಟಲು ಕಟ್ಟಿಸಿಕೊಂಡು ಬೇರಿನ ಮೇಲೆ ಕುಳಿತಳು.

"ವೀರಗಲ್ಲಿಗೆ ಹೋಗ್ತಿದೀರಾ? ಅದರ ಹೆಸರನ್ನ ಯಾರೋ ಚೀಲದೋನು ಒಯ್ದ. ನಾನು ಕೂಗಿದರೆ ತಿರುಗಿಯೂ ನೋಡಲಿಲ್ಲ" ಎಂದು ಮೂಗೊರೆಸಿಕೊಂಡಳು. ಹೋಗಿ ನೋಡಿದರೆ ಕಲ್ಲು ಹಲಗೆಯಂತೆ ನುಣ್ಣಗಿತ್ತು.

ಎರಡನೆಯ ದಿನ ಹೊಳೆ. ದಾಟಿಸುವುದು ಎಂಟುನೂರು ವರ್ಷದ ಒಂದು ಆಮೆ. ಬೆನ್ನು ಅಂಗಳದಷ್ಟು ಅಗಲ, ನೆನಪು ಮಾತ್ರ ಸಾಸಿವೆಯಷ್ಟು. "ಹತ್ತಿ ಮಕ್ಕಳಾ. ಆದರೆ ಗಲಾಟೆ ಮಾಡ್ತಾ ಇರಿ. ಸದ್ದಿಲ್ಲದಿದ್ದರೆ ನೀವು ಇಳಿದಿರಿ ಅಂದುಕೊಂಡು ನಾನು ಮುಳುಗಿಬಿಡ್ತೀನಿ" ಎಂದಿತು.

ಅವರು ನಡುಹೊಳೆಯಲ್ಲಿದ್ದಾಗ ಉಗ್ರತಾಳ ದೂರದಿಂದಲೇ ಒಂದು ತಂಗಾಳಿ ಬಿಟ್ಟ. ಎಲ್ಲರ ಕಣ್ಣೂ ಎಳೆದವು. ಆಮೆ ಮುಳುಗತೊಡಗಿ ನೀರು ಮೊಣಕಾಲಿಗೆ ಬಂತು. ಬೀರ ತೂಕಡಿಕೆಯಲ್ಲೇ ಗೊಣಗಿದ, "ಹಿಂದಿನೋರು ಬಂದ್ರಾ?" ಪದ್ಮರಾಜ ನಿದ್ದೆಯಲ್ಲೇ "ಬಂದೆ" ಎಂದ. "ಓಹೋ, ಇನ್ನೂ ಇದೀರಾ" ಎಂದು ಆಮೆ ಮೇಲೆದ್ದಿತು. ಹಾಗೇ ನಲವತ್ತು ಸಲ ಕೂಗಿ ದಡ ಸೇರಿದರು. ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿ, "ಇಲ್ಲೇ ಕಣಪ್ಪ ದೊಡ್ಡ ಯುದ್ಧ ಆಗಿದ್ದು. ಈ ಬಯಲಿಗೆ ಏನೋ ಹೆಸರಿತ್ತು, ನಾಲಿಗೆ ತುದೀಲೇ ಇದೆ" ಎಂದಳು. ಅವಳು ಸಂಜೆಯವರೆಗೆ ಯೋಚಿಸಿದರೂ ಅದು ನಾಲಿಗೆಯ ತುದಿಯಿಂದ ಈಚೆ ಬರಲಿಲ್ಲ.

ಮೂರನೆಯ ದಿನ ಮೋಡದಕೋಡು. ಅದರ ತುದಿಯಲ್ಲಿ ಗಂಡಭೇರುಂಡದ ಗೂಡು. ಎರಡು ತಲೆಗಳಲ್ಲಿ ಒಂದು ಮಲಗಿದರೆ ಇನ್ನೊಂದು ಎದ್ದಿರುವುದರಿಂದ ಮಾಯಗಾರನಿಗೆ ಅಲ್ಲಿ ಕದಿಯಲಾಗಿರಲಿಲ್ಲ. ಮೊದಲ ರಾಣಿಯ ಹೆಸರು ಅದರ ಕಾಲಬಳಿ ಕೆಂಡದಂತೆ ಹೊಳೆಯುತ್ತಿತ್ತು.

"ಕೋಡಿನ ನೆರಳು ಕೆಳಗಿನ ಕೆರೆ ಮುಟ್ಟೋದರೊಳಗೆ ಬಂದರೆ ಹೆಸರು ನಿಮ್ಮದು" ಎಂದಿತು ಬಲತಲೆ.

"ಆಮೇಲೆ ಬಂದರೆ ಮುಂದಿನ ವರ್ಷ" ಎಂದಿತು ಎಡತಲೆ.

ಬೀರ ಹತ್ತಿದ. ಕೈ ತರಚಿತು, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಗೂಡಿಗೆ ಹತ್ತೇ ಹೆಜ್ಜೆ ಉಳಿದಿತ್ತು. ನೆರಳಿಗೂ ಕೆರೆಗೂ ನಡುವೆ ನಾಲ್ಕು ಮಾರು. ಅಭ್ಯಾಸ ಬಿಡಲಿಲ್ಲ, ಅವನು ಕೂಗಿದ.

"ಹಿಂದಿನೋರು ಬಂದ್ರಾ?"

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ. "ಬೀರ, ಮೊದಲು ಹೆಸರು ತಗೋ, ಆಮೇಲೆ ಹುಡುಕೋಣ" ಎಂದರು ಉಳಿದವರು. ಬೀರ ಆ ಹೊಳೆಯುವ ಹೆಸರನ್ನು ನೋಡಿದ. ಮೂರು ವರ್ಷ ಕೊನೆಯವನೆಂದು ಕರೆಸಿಕೊಂಡವನು ಇವತ್ತು ಹನ್ನೆರಡು ಜನರನ್ನು ಉಳಿಸಬಹುದಿತ್ತು. ಅವನಿಗೆ ಅಳು ಬಂತು. ಬಂದ ಅಳುವಿನೊಂದಿಗೇ ತಿರುಗಿ ಕೆಳಗೆ ಓಡಿದ.

ಕೋಡಿನ ನಡುವೆ ಮಾಯಗಾರ ಬಿಟ್ಟ ಮುಳ್ಳುಬಳ್ಳಿ ಪದ್ಮರಾಜನ ಕಾಲು ಸುತ್ತಿ, ಬಾಯಿ ಕಟ್ಟಿ, ಪ್ರಪಾತದ ಕಡೆ ಎಳೆಯುತ್ತಿತ್ತು. ಬೀರ ಕೊಯ್ದು ಬಿಡಿಸಿದ. ಅಷ್ಟರಲ್ಲಿ ನೆರಳು ಕೆರೆ ಮುಟ್ಟಿತು. ಮೇಲೆ ಹೆಸರು ಆರಿಹೋಯಿತು.

"ಯಾಕೋ ತಿರುಗಿ ಬಂದೆ? ಹತ್ತು ಹೆಜ್ಜೆ ಇತ್ತಲ್ಲೋ" ಎಂದ ಪದ್ಮರಾಜ.

"ನೀನು ಬಂದೆ ಅನ್ನಲಿಲ್ಲವಲ್ಲ."

ಯುವರಾಜ ಕಾಲಿಗಂಟಿದ್ದ ಬಳ್ಳಿಯ ತುಂಡನ್ನು ಕಿತ್ತೆಸೆದ. "ಮೂರು ವರ್ಷ ನಿನ್ನ ಕೇಳ್ತಾನೇ ಇದ್ದೆ ಬೀರ. ನೀನು ಒಂದಿನ ಬಂದೆ ಅನ್ನದೆ ಇದ್ದಿದ್ದರೆ ನಾನು ತಿರುಗಿ ನೋಡ್ತಿದ್ದೆನೋ ಇಲ್ಲವೋ, ನಿಜವಾಗಿ ಗೊತ್ತಿಲ್ಲ" ಎಂದು ಬೀರನ ಕೈ ಹಿಡಿದುಕೊಂಡ.

ಗಂಡಭೇರುಂಡದ ತಲೆಗಳು ಜಗಳಕ್ಕೆ ಬಿದ್ದವು. "ನಿಯಮ ಅಂದರೆ ನಿಯಮ" ಎಂದಿತು ಎಡತಲೆ. "ನಿಯಮ ಇರೋದು ಹೆಸರಿಗೆ. ಮಕ್ಕಳನ್ನ ಊರಿಗೆ ಬಿಟ್ಟುಬರೋದಕ್ಕೆ ಯಾವ ನಿಯಮವಿದೆ?" ಎಂದಿತು ಬಲತಲೆ. ಎಡತಲೆ ಗೊಣಗುತ್ತಲೇ ಒಪ್ಪಿತು. ಹಕ್ಕಿ ಹನ್ನೆರಡು ಜನರನ್ನೂ ಬೆನ್ನ ಮೇಲೆ ಕೂರಿಸಿಕೊಂಡು ದಂಡಶಾಲೆಯ ಮೈದಾನದಲ್ಲಿ ಇಳಿಸಿತು.

ಮೈದಾನದ ತುಂಬ ಜನ. ಅರಸ ಬೆವರುತ್ತ ಕುಳಿತಿದ್ದ. ಉಗ್ರತಾಳ ರೇಷ್ಮೆ ಅಂಗಿ ಹಾಕಿಕೊಂಡು, ಚೀಲ ಸವರುತ್ತ ನಿಂತಿದ್ದ. ಸೂರ್ಯ ಇಳಿಯುತ್ತಿದ್ದ. ತಂಡ ಸಾಲಾಗಿ ನಿಂತಿತು. ಬೀರ ಮುಂದೆ ಬಂದು ಗುಡ್ಡಕ್ಕೆ ಎದುರಾದ.

ಹೇಳಲು ಹೆಸರಿರಲಿಲ್ಲ. ಬೆನ್ನ ಹಿಂದೆ ಹನ್ನೊಂದು ಜನ, ಒಬ್ಬರೂ ಕಾಣಿಸುತ್ತಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವರೆಲ್ಲ ಬೊಂಬೆಗಳು. ಎಲ್ಲರೂ ಇದ್ದಾರಾ ಎಂಬ ಒಂದೇ ಚಿಂತೆ ಅವನ ಎದೆಯಲ್ಲಿ ತುಂಬಿಕೊಂಡಿತು. ಬಾಯಿ ತೆರೆದರೆ ಬಂದದ್ದೂ ಅದೇ.

"ಹಿಂದಿನೋರು ಬಂದ್ರಾ?"

"ಬಂದೆ" ಎಂದ ಪದ್ಮರಾಜ, ಸಾಲಿನ ಕೊನೆಯಿಂದ.

ಗುಡ್ಡ ಸುಮ್ಮನಿತ್ತು. ಉಗ್ರತಾಳ ನಗಲು ಹೊರಟ. ಆಗ ಗುಡ್ಡ ಮಾತಾಡಿತು. ಕೂಗಿದ್ದನ್ನೇ ತಿರುಗಿ ಹೇಳಲಿಲ್ಲ, ಉತ್ತರ ಕೊಟ್ಟಿತು. ಒಂದು ದನಿಯಲ್ಲ, ನೂರಾರು ದನಿ. ಹಿಂದೆ ಇದೇ ಮೈದಾನದಿಂದ ಹೋಗಿ ತಿರುಗಿ ಬಾರದವರ ದನಿ.

"ಬಂದ್ವಿ."

ಗಂಗವ್ವೆಯ ಕೈಯಿಂದ ಕೋಲು ಜಾರಿತು. ಆ ದನಿಗಳಲ್ಲಿ ಅವಳ ಜೊತೆಯವರೂ ಇದ್ದರು.

"ಅದು ಹೆಸರಲ್ಲ" ಎಂದು ಉಗ್ರತಾಳ ಕಿರುಚಿದ. "ದಿನಾ ದಾರೀಲಿ ಕೂಗೋ ಕೂಗು."

"ಅರೆಬೆಂದ ಅನ್ನ ಹೆಸರಾದೀತು, ಇದು ಆಗಲ್ಲವೇನಪ್ಪ?" ಎಂದಳು ಗಂಗವ್ವೆ. "ನೀನು ಇದನ್ನ ಹೆಸರಂತ ಎಣಿಸದೆ ಚೀಲಕ್ಕೆ ಹಾಕ್ಲಿಲ್ಲ, ಅದಕ್ಕೇ ಇದು ಉಳಿದಿದ್ದು."

ಅಷ್ಟರಲ್ಲಿ ಅವನ ಸೊಂಟದ ಚೀಲ ಕುಣಿಯತೊಡಗಿತು. ಒಳಗಿದ್ದ ಹೆಸರುಗಳೂ ಬೀರನ ಕೂಗು ಕೇಳಿದ್ದವು. ಹಿಂದೆ ಉಳಿದವರನ್ನು ಯಾರೋ ಕರೆದರಲ್ಲ, ಸುಮ್ಮನಿರುವುದು ಹೇಗೆ? "ಬಂದ್ವಿ, ಬಂದ್ವಿ" ಎಂದು ಚೀಲ ಹರಿದು ಈಚೆ ಬಂದವು. ವೀರಗಲ್ಲಿನದು ಕಾಡಿಗೆ ಹಾರಿತು, ಬಯಲಿನದು ಹೊಳೆ ದಾಟಿತು, ವೀರರವು ಜನರ ನಾಲಿಗೆಗೆ ಮರಳಿದವು, ಉಳಿದವು ಕಂಬ ಹತ್ತಿ ತಂತಮ್ಮ ಜಾಗದಲ್ಲಿ ಕುಳಿತವು. ಎಲ್ಲದರ ಕೆಳಗೆ ಹೊಸದೊಂದು ಸಾಲು ಮೂಡಿತು: ಹಿಂದಿನೋರು ಬಂದ್ರಾ.

ಸೋತ ಉಗ್ರತಾಳ ಕೊನೆಯ ಪ್ರಯತ್ನವೆಂದು ತನ್ನ ಹೆಸರನ್ನು ತಾನೇ ಗುಡ್ಡಕ್ಕೆ ಕೂಗಿದ. ಗುಡ್ಡ ಅದನ್ನು ತೆಗೆದುಕೊಂಡಿತು, ತಿರುಗಿ ಕೊಡಲಿಲ್ಲ. ಹೆಸರು ಹೋದ ಮೇಲೆ ಮಂತ್ರವೂ ಹೋಯಿತು. ಅವನು ದಂಡಶಾಲೆಯ ಅಡುಗೆಮನೆಯಲ್ಲಿ ತೊಗರಿಬೇಳೆ ಆರಿಸುವ ಕೆಲಸಕ್ಕೆ ಸೇರಿದ. ಎಲ್ಲರೂ "ಏ ಇವನೇ" ಎಂದು ಕರೆಯುತ್ತಿದ್ದರು. ಕೆಲಸ ಚೆನ್ನಾಗಿ ಮಾಡುತ್ತಿದ್ದ, ಒಂದು ಕಲ್ಲೂ ಬಿಡುತ್ತಿರಲಿಲ್ಲ.

ಕಾಲ ಕಳೆದು ಪದ್ಮರಾಜ ಅರಸನಾದ, ಬೀರ ದಳವಾಯಿಯಾದ. ಬೀರ ಸೈನ್ಯದ ಹಿಂದೆಯೇ ನಡೆಯುತ್ತಿದ್ದ, ಅರಸನೇ ಮುಂದಿನಿಂದ ಕೂಗುತ್ತಿದ್ದ. ಆ ಹನ್ನೆರಡು ಜನರಲ್ಲಿ ಯಾರು ಎಲ್ಲಿ ಒಂಟಿಯಾಗಿ ಸಿಕ್ಕಿಬಿದ್ದು ಆ ಹೆಸರು ಕೂಗಿದರೂ ಉಳಿದ ಹನ್ನೊಂದು ಜನರಿಗೆ ಕೇಳಿಸುತ್ತಿತ್ತು, ಅವರು ಬರುತ್ತಿದ್ದರು. ಹಾಗಾಗಿ ಹನ್ನೆರಡು ಜನರೂ ಮುದುಕರಾಗುವವರೆಗೆ ಬದುಕಿ, ವರ್ಷಕ್ಕೊಮ್ಮೆ ಅದೇ ಮೈದಾನದಲ್ಲಿ ಸೇರುತ್ತಿದ್ದರು. ಮುದಿ ಪದ್ಮರಾಜ ಎಲೆಯ ಮುಂದೆ ಕುಳಿತು ಕೂಗುತ್ತಿದ್ದ. ಊರುಗೋಲಿನ ಬೀರ ಎಲ್ಲರಿಗಿಂತ ನಿಧಾನವಾಗಿ ಬಾಗಿಲಲ್ಲಿ ಕಾಣಿಸಿಕೊಂಡು "ಬಂದೆ" ಎನ್ನುತ್ತಿದ್ದ. ಆಮೇಲೆಯೇ ಅನ್ನ ಬಡಿಸುತ್ತಿದ್ದರು.