ತಡವಾಗಿ ಬಂದ ಧ್ವನಿ

"ಬಳಿ ತಗೀರಿ."

ತ್ರಿವೇಣಿ ಬೆಚ್ಚಿದಳು. ಬಾಗಿಲು ತೆರೆದ ಗಂಡಸು ಹೆಸರು ಕೇಳಲಿಲ್ಲ, ಒಳಗೆ ಬನ್ನಿ ಎನ್ನಲಿಲ್ಲ. ಅವಳ ಕೈಯ ಬಳೆ ನೋಡಿ ಆಡಿದ ಮೊದಲ ಮಾತೇ ಇದು. ಇನ್ನೂ ಮದುವೆಯಾಗದ ಹುಡುಗಿಗೆ ಯಾರಾದರೂ ಹೀಗನ್ನುತ್ತಾರೆಯೇ?

"ಏನಂದ್ರಿ?"

"ಮೈಕಿನ್ಯಾಗ ಕಿಣಿಕಿಣಿ ಬರ್ತದರಿ. ಫ್ಯಾನ್ ಬಂದ್ ಮಾಡೇನಿ, ಗಡಿಯಾರದ ಸೆಲ್ ತಗದೇನಿ. ಇನ್ನ ಅದೊಂದ..."

ಅಷ್ಟರಲ್ಲಿ ತಾನು ಆಡಿದ್ದು ಏನೆಂದು ಅವನಿಗೇ ಹೊಳೆಯಿತು. ಎರಡೂ ಕಿವಿ ಕೆಂಪಗಾದವು. "ತಪ್ಪ ತಿಳ್ಕೋಬ್ಯಾಡ್ರಿ. ಹಾಡೂತನಕ ಅಷ್ಟ. ಆಮ್ಯಾಲೆ ನಾನ ಎಣಿಸಿ ಕೊಡ್ತೀನಿ."

ತ್ರಿವೇಣಿಗೆ ನಗು ಬಂತು, ಸಿಟ್ಟೂ ಬಂತು. ಬಳೆ ತೆಗೆಯಲಿಲ್ಲ. ಕರವಸ್ತ್ರವನ್ನು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿ, ಕೈ ಕೊಡವಿ ತೋರಿಸಿದಳು. ಸದ್ದಿಲ್ಲ.

"ಆತೇನ್ರಿ?"

"ಆತ್ರಿ," ಎಂದ ಅವನು, ಮೆತ್ತಗೆ.

ಅವನು ಬಸವಪ್ರಭು. ತಂದೆ ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ನೌಕರ. ಮಗ ಬಜಾರಿನ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದ. ಕ್ವಾರ್ಟರ್ಸಿನ ಹಿಂದಿನ ಖೋಲಿಯ ಗೋಡೆಗಳಿಗೆ ಅಜ್ಜಿ ಹೊಲಿದ ಕೌದಿಗಳನ್ನು ಬಡಿದು, ಒಂದು ಮೈಕು, ಒಂದು ಕಂಪ್ಯೂಟರ್, ಅವೆರಡರ ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುತ್ತಿದ್ದ. ಅದು 2004ರ ಏಪ್ರಿಲ್. ಪುಣೆಯ ಕನ್ನಡದವರಿಗೆ ಮನೆಯಲ್ಲೇ ಸೀಡಿ ತಯಾರಾಗುತ್ತದೆ ಎಂಬುದೇ ದೊಡ್ಡ ಸುದ್ದಿ. ಅಲ್ಲಿನ ಕನ್ನಡ ಮಂಡಳಿಯೂ ತನ್ನ ಸೀಡಿಗಳ ಕೆಲಸ ಅವನಿಗೇ ಕೊಡುವುದೆಂದಿತ್ತು.

ತ್ರಿವೇಣಿ ಬಂದದ್ದು ಹೆಸರು ಮಾಡಲಿಕ್ಕಲ್ಲ. ಅವಳ ಗುರು ಗೌರಾಬಾಯಿ ನಿಗಡಿಯಲ್ಲಿ ಇಪ್ಪತ್ತು ವರ್ಷ ಹಾಡು ಕಲಿಸಿದವರು. ಈಗ ಮೊಣಕಾಲು ಸೋತು ಧಾರವಾಡದ ತಮ್ಮನ ಮನೆಗೆ ಹೊರಟಿದ್ದರು. ಕ್ಲಾಸನ್ನು ಇಬ್ಬರು ಹಿರಿಯ ಶಿಷ್ಯೆಯರಲ್ಲಿ ಒಬ್ಬಳಿಗೆ ಒಪ್ಪಿಸಬೇಕು. ತ್ರಿವೇಣಿ, ಇಲ್ಲವೇ ಅನುಜಾ. ಮುಂದೆ ಯಾರೂ ಗೊಣಗಬಾರದೆಂದು, ಕನ್ನಡ ಮಂಡಳಿಯ ಹಿರಿಯರೂ ಕೂತು, ಬೇಕಾದರೆ ಮತ್ತೆ ಮತ್ತೆ ಹಚ್ಚಿ ಕೇಳುವಂತೆ, ಇಬ್ಬರೂ ಒಂದೊಂದು ವಚನ ಹಾಡಿ ಸೀಡಿ ಕಳಿಸಬೇಕೆಂದು ಬಾಯಿಯವರು ಹೇಳಿದ್ದರು.

ಹನ್ನೆರಡು ವರ್ಷದಿಂದ ತ್ರಿವೇಣಿ ಕಂಡಿದ್ದ ಕನಸು ಅದೊಂದೇ. ಬಾಯಿಯವರ ಆ ಜಮಖಾನೆಯ ಮೇಲೆ ಕೂತು ಮಕ್ಕಳಿಗೆ ಕಲಿಸಬೇಕು.

ತಬಲಾ ಬಾರಿಸುವ ಮಂದಾರನಿಗೆ ರವಿವಾರ ಮಾತ್ರ ಬಿಡುವು. ಅಂದು ಅನುಜಾ ಬಂದು ಅವನ ಎದುರೇ ಕೂತು ಹಾಡಿ ಹೋಗಿದ್ದಳು. ಅದೇ ದಿನ ತ್ರಿವೇಣಿಯ ಬಳಗದಲ್ಲಿ ಮದುವೆ. ಹಾಗಾಗಿ ಮಂದಾರ ಅವಳ ವಚನಕ್ಕೂ ತಬಲಾ ಬಾರಿಸಿ, ರೆಕಾರ್ಡ್ ಮಾಡಿಸಿಟ್ಟು ಹೋಗಿದ್ದ.

"ಈ ಹೆಡ್‌ಫೋನ್ ಒಂದ ಕಿವಿಗೆ ಹಾಕ್ಕೋರಿ. ಅದರಾಗ ತಬಲಾ ಕೇಳ್ತದ. ಇನ್ನೊಂದ ಕಿವಿಲೆ ನಿಮ್ಮ ಧ್ವನಿ ನೀವ ಕೇಳ್ರಿ."

ತ್ರಿವೇಣಿ ಕಣ್ಣು ಮುಚ್ಚಿದಳು. ಹಾಡಿದಳು. ಪ್ರತಿ ಸಾಲೂ ತಬಲಾದ ಪೆಟ್ಟಿಗೆ ಸರಿಯಾಗಿ ಬಂದು ಕೂತಿತು. ಅವಳಿಗೆ ಗೊತ್ತಿತ್ತು, ಅನುಮಾನವೇ ಇರಲಿಲ್ಲ.

ಕಣ್ಣು ತೆರೆದಾಗ ಬಸವಪ್ರಭು ಕಂಪ್ಯೂಟರ್ ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

"ಇನ್ನೊಮ್ಮೆ ಹಾಡ್ಲೇನ್ರಿ?"

"ಬ್ಯಾಡ್ರಿ." ಅವನು ತಡಬಡಿಸಿ ಕಂಪ್ಯೂಟರಿಗೆ ತಿರುಗಿದ. "ಇನ್ನ ಏನ ಬ್ಯಾಡ."

ಹಾಡನ್ನು ಉಳಿಸಿಟ್ಟದ್ದೇ ತಡ, ಕರೆಂಟು ಹೋಯಿತು. ಗುರುವಾರ! ರಿಪೇರಿಗೆಂದು ವಾರವಾರ ತೆಗೆಯುವ ಪುಣೆಯ ಗುರುವಾರದ ಕರೆಂಟನ್ನು ನಂಬಿದವರುಂಟೇ? ಹಾಡಿದ್ದನ್ನು ಕೇಳುವ ಮಾತು ಅಲ್ಲಿಗೇ ನಿಂತಿತು.

"ನಾಳೆ ಸೀಡಿ ಮಾಡಿ ಬಾಯಿಯವ್ರ ಮನಿಗೆ ನಾನ ಮುಟ್ಟಸ್ತೀನ್ರಿ," ಎಂದ ಅವನು.

ನಿಗಡಿಯ ಬಸ್ಸಿನಲ್ಲಿ ಕೂತ ತ್ರಿವೇಣಿಗೆ ಕರವಸ್ತ್ರ ಬಿಚ್ಚುವುದೇ ಮರೆತಿತ್ತು. ಆ ಕೆಂಪು ಕಿವಿಗಳು ನೆನಪಾಗಿ, ಒಬ್ಬಳೇ ನಕ್ಕಳು.

* * *

ರವಿವಾರ ಬೆಳಿಗ್ಗೆ ಗೌರಾಬಾಯಿಯವರ ಮನೆ ತುಂಬಿತ್ತು. ಮಂಡಳಿಯ ಅಧ್ಯಕ್ಷ ಮೋಹನದಾಸ್ ಕುರ್ಚಿಯಲ್ಲಿ, ಉಳಿದವರು ಜಮಖಾನೆಯ ಮೇಲೆ. ಮೊದಲು ಅನುಜಾಳ ಹಾಡು. ಚೆನ್ನಾಗಿತ್ತು, ಎಲ್ಲರೂ ತಲೆದೂಗಿದರು.

ನಂತರ ತ್ರಿವೇಣಿಯದು.

ತಬಲಾದ ಪೆಟ್ಟು ಬಿತ್ತು. ಧ್ವನಿ ಬರಲಿಲ್ಲ. ಬಂತು... ಆದರೆ ಪೆಟ್ಟು ಬಿದ್ದ ಮೇಲೆ!

ಎರಡನೇ ಸಾಲೂ ಹಾಗೆಯೇ. ಮೂರನೆಯದೂ ಹಾಗೆಯೇ. ತಬಲಾ ಮುಂದೆ, ಅವಳು ಹಿಂದೆ. ಬಸ್ಸು ತಪ್ಪಿಸಿಕೊಂಡವಳು ಓಡಿದಂತೆ ಹಾಡು ಪೂರ್ತಿ ಏದುಸಿರು ಬಿಡುತ್ತಿತ್ತು.

ಇದು ನಾನೇನಾ? ಇದು... ನಾನೇನಾ?

ಯಾರೋ ಕೆಮ್ಮಿದರು. ಅನುಜಾ ತಲೆ ತಗ್ಗಿಸಿದಳು. ಗೌರಾಬಾಯಿಯವರು ಮಾತ್ರ ಶಿಷ್ಯೆಯನ್ನೇ ನೋಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ತ್ರಿವೇಣಿ ಆ ನೋಟ ಕಂಡಿರಲಿಲ್ಲ.

"ಬಾಯೀ... ನಾ ಹಿಂಗ ಹಾಡಿಲ್ರಿ."

"ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕ ಅಂದ್ಳಂತ," ಎಂದರು ಗೌರಾಬಾಯಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಮಷಿನ್ ಸುಳ್ಳ ಹೇಳ್ತದೇನು, ತ್ರಿವೇಣಿ? ಲಯಾ ಬಿಟ್ಟು ಹೋಗೇದ ನಿಂದು. ಲಯಾ ಇಲ್ಲದಾಕಿ ಕಡೆ ಮಕ್ಕಳನ್ನ ಹೆಂಗ ಬಿಡ್ಲಿ?"

ಕ್ಲಾಸು ಅನುಜಾಳದಾಯಿತು. ತ್ರಿವೇಣಿಗೆ ಅಳುವೂ ಬರಲಿಲ್ಲ. ಮರಗಟ್ಟಿ ಹೋದಳು.

* * *

ಮರುದಿನವೇ ಅವಳು ಖಡಕಿಯ ಬಾಗಿಲು ಬಡಿದಳು. ಬಸವಪ್ರಭುವಿನ ಮುಖ ಅರಳಿತು. ಅವಳ ಮುಖ ಕಂಡು ಅಷ್ಟೇ ಬೇಗ ಬಾಡಿತು.

"ಅನುಜಾನ ಹಾಡು ಸರಿ ಅದ. ಅದ ಖೋಲಿ, ಅದ ಮೈಕು, ಅದ ತಬಲಾ. ನಂದಷ್ಟ ಯಾಕ ಹಿಂಗಾತು?"

"ಹೆಂಗಾತ್ರಿ?"

"ಪ್ರತಿ ಸಾಲೂ ಹಿಂದ ಬಿದ್ದದ. ನೀವು ಕೇಳಲಿಲ್ಲೇನು?"

"ಕೇಳೇನ್ರಿ. ದಿನಾ ಕೇಳ್ತೀನಿ." ಅವನ ಮಾತು ತಡವರಿಸಿತು. "ದೊಡ್ಡ ಗವಾಯಿಗಳು ಬೇಕಂತನ ಪೆಟ್ಟು ಬಿಟ್ಟು, ಒಂದ ಕ್ಷಣ ಕಾಯಿಸಿ ಹಾಡ್ತಾರ ಅಂತಾರಲ್ರಿ. ನೀವೂ ಹಂಗ... ನಂಗ ಅದ ಭಾಳ ಸೇರ್ತು. ಅದಕ್ಕ ಕೈ ಹಚ್ಚಲಿಲ್ಲ."

ತ್ರಿವೇಣಿ ದಂಗಾದಳು. ತನ್ನ ಬಾಳು ಮುರಿದು ಬಿದ್ದಿದೆ, ಇವನಿಗೆ ಅದು ಹಿಡಿಸಿತಂತೆ! ಇವನು ಗೇಲಿ ಮಾಡುತ್ತಿದ್ದಾನೆ ಎಂದೇ ಅವಳಿಗನಿಸಿತು.

"ಚೇಷ್ಟಾ ಮಾಡ್ತೀರೇನು? ಅನುಜಾ ನಿಮಗೇನಾಗಬೇಕು? ಆಕಿಗೆ ಕ್ಲಾಸ್ ಸಿಗ್ಲಿ ಅಂತ ನನ್ನ ಹಾಡು ಕೆಡಿಸೀರಿ."

ಉತ್ತರ ಬರುವ ಮೊದಲೇ ಅವಳು ಮೆಟ್ಟಿಲಿಳಿದಿದ್ದಳು.

ಅಂದಿನಿಂದ ತ್ರಿವೇಣಿ ಹಾಡಲಿಲ್ಲ. ಅವನ ಮೇಲಿನ ಸಿಟ್ಟು ನಾಲ್ಕು ದಿನದಲ್ಲಿ ಇಳಿಯಿತು, ತನ್ನ ಮೇಲಿನ ಅನುಮಾನ ಇಳಿಯಲಿಲ್ಲ. ಬಾಯಿಯವರು ಸುಳ್ಳು ಹೇಳುವವರಲ್ಲ. ಹಾಗಾದರೆ ಅಂದು ಖೋಲಿಯಲ್ಲಿ ಸರಿಯಾಗಿ ಕೇಳಿದ್ದು ತನ್ನ ಭ್ರಮೆಯೇ? ತನ್ನ ಕಿವಿಯೇ ತನಗೆ ಮೋಸ ಮಾಡಿತೇ?

"ಒಂದ ಸಾಲ ಹಾಡವಾ. ಮನಿ ಬಿಕೋ ಅಂತದ," ಎಂದು ತಾಯಿ ಕಾಶವ್ವ ಅಂಗಲಾಚಿದಳು.

"ಅವ್ವಾ, ನಂಗ ಬರೂದಿಲ್ಲ. ಎಂದೂ ಬರ್ತಿದ್ದಿಲ್ಲ ಕಾಣಸ್ತದ."

ತಾಯಿ ತಂಬೂರಿಗೆ ಹಳೆಯ ಸೀರೆ ಹೊದಿಸಿಟ್ಟಳು.

* * *

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಗೌರಾಬಾಯಿಯವರಿಂದ ಫೋನು ಬಂತು. "ಇದ್ದಂಗ ಹೊರಟ ಬಾ."

ಹೋಗಿ ನೋಡಿದರೆ, ಧಾರವಾಡಕ್ಕೆ ಕಟ್ಟಿಟ್ಟ ಗಂಟುಗಳ ನಡುವೆ ಬಸವಪ್ರಭು! ಖಡಕಿಯಿಂದ ರಿಕ್ಷಾದಲ್ಲಿ ಇಡೀ ಕಂಪ್ಯೂಟರನ್ನೇ ಹೊತ್ತು ತಂದು ಜಮಖಾನೆಯ ಮೇಲೆ ಜೋಡಿಸುತ್ತಿದ್ದ. ಮೋಹನದಾಸ್ ಇದ್ದರು, ಅನುಜಾ ಇದ್ದಳು. ತ್ರಿವೇಣಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ತಪ್ಪು ಇವ್ರದಲ್ರಿ ಬಾಯಿಯವ್ರ," ಎಂದ ಅವನು, ಅವಳ ಕಡೆ ನೋಡದೆ. "ನೀವು ನೆಲಾ ಡೊಂಕಿನ ಗಾದಿಮಾತು ಹೇಳಿದ್ರಂತ. ಖರೇನ ನೆಲಾನ ಡೊಂಕಿತ್ತು. ನೆಲಾ ನಂದು."

ಯಾರಿಗೂ ತಿಳಿಯಲಿಲ್ಲ. ಅವನು ತಬಲಾದ ರೆಕಾರ್ಡಿಂಗ್ ಹಚ್ಚಿದ. ಹೆಡ್‌ಫೋನನ್ನು ಮೈಕಿನ ಬಾಯಿಗೇ ಒತ್ತಿ ಹಿಡಿದು, ಅದೇ ತಬಲಾವನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿದ.

"ಇಲ್ಲಿ ಯಾರೂ ಹಾಡಿಲ್ರಿ. ಅದ ತಬಲಾ, ಅದ ಪೆಟ್ಟು. ಹೊಸಾದು ಹಳೇದರ ಮ್ಯಾಲೆ ಬರೋಬರಿ ಕೂಡಬೇಕು, ಹೌದಿಲ್ಲರಿ? ಈಗ ಎರಡೂ ಕೂಡಿಸಿ ಕೇಳ್ರಿ."

ಟಕ್-ಟಕ್. ಟಕ್-ಟಕ್. ಪ್ರತಿ ಪೆಟ್ಟೂ ಎರಡೆರಡು ಸಲ ಕೇಳಿತು.

ಗೌರಾಬಾಯಿಯವರು ಕೈಯಲ್ಲಿದ್ದ ಜಪಮಣಿ ಬದಿಗಿಟ್ಟು ಮುಂದಕ್ಕೆ ಬಾಗಿದರು.

"ಪೆಟ್ಟಿಗಿಗೂ ಕಂಪ್ಯೂಟರಿಗೂ ನಡುವ ಡ್ರೈವರ್ ಅಂತ ಒಂದ ಸಣ್ಣ ಪ್ರೋಗ್ರಾಂ ಇರ್ತದರಿ. ಒಳಗ ಬಂದ ಧ್ವನಿ ತಗೊಂಡು ಹೋಗಿ ಇಡೂದು ಅದರ ಕೆಲಸ. ನಾ ಹಳೇದು ಹಾಕಿದ್ದೆ. ನಿಮಗ ತೋರಸ್ಲಿಕ್ಕೆ ಇವತ್ತ ಮತ್ತ ಅದನ್ನ ಹಾಕೇನಿ. ಅದು ಸೆಕೆಂಡಿನ ಎಂಟನೇ ಪಾಲು ತಡಾ ಮಾಡಿ ಇಡ್ತಿತ್ತು. ಅನುಜಾ ಅವ್ರು ಹಾಡಿದಾಗ ತಬಲಾ, ಧ್ವನಿ ಎರಡೂ ಕೂಡೇ ಒಳಗ ಹೋದ್ವು, ಕೂಡೇ ತಡಾ ಆದ್ವು. ಯಾರಿಗೂ ಗೊತ್ತಾಗ್ಲಿಲ್ಲ. ಇವ್ರದು ಮೊದಲ ಇದ್ದ ತಬಲಾದ ಮ್ಯಾಲೆ ಕೂಡಬೇಕಿತ್ತು, ಹಿಂದ ಬಿತ್ತು."

"ಈಗ ಹೆಂಗ ಗೊತ್ತಾತಪಾ ನಿನಗ?" ಕೇಳಿದರು ಬಾಯಿಯವರು.

"ಇವ್ರ ತಾಳಾ ಕಲೀಬೇಕಂತ, ಆ ತಬಲಾದ ಸಂಗಾಟ ಚಪ್ಪಾಳಿ ಹೊಡದು ರೆಕಾರ್ಡ್ ಮಾಡಿದೆ. ನನ್ನ ಚಪ್ಪಾಳಿನೂ ಇವ್ರಷ್ಟ ಹಿಂದ ಬಿತ್ತು. ಹತ್ತ ಸಲ ಹೊಡದ್ರೂ ಅಷ್ಟ. ನನ್ನಂಥಾ ದಡ್ಡಗ ಗವಾಯಿಗಳ ಕಲಾ ಹೆಂಗ ಬರಬೇಕ್ರಿ? ಆವಾಗ ಎದಿ ಒಡೀತು. ಹೊಸಾ ಡ್ರೈವರ್ ಹಾಕಿ ನೋಡಿದೆ, ಸರಿ ಬಂತು. ಇವ್ರ ಹಾಡನ್ನ ಎಷ್ಟು ತಡಾ ಆಗಿತ್ತೋ ಅಷ್ಟ ಮುಂದ ಸರಿಸೇನಿ. ಕೇಳ್ರಿ."

ಹಾಡು ಶುರುವಾಯಿತು. ಪ್ರತಿ ಸಾಲೂ ತಬಲಾದ ಪೆಟ್ಟಿಗೆ ಸರಿಯಾಗಿ ಬಂದು ಕೂತಿತು. ತ್ರಿವೇಣಿ ಹೊಸ್ತಿಲಲ್ಲೇ ಕೂತುಬಿಟ್ಟಳು. ಎರಡು ತಿಂಗಳಿಂದ ಕಟ್ಟಿಕೊಂಡಿದ್ದ ಅಳು ಈಗ ಒಡೆದು ಬಂತು.

ಮೋಹನದಾಸ್ ಮಾತ್ರ ಮುಖ ಗಂಟಿಕ್ಕಿದರು. "ಹಂಗಾರ ಮಂಡಳಿ ಸೀಡಿ ಕೆಲಸ ನಿನಗ ಕೊಡೂದು ಬ್ಯಾಡ ಬಿಡು. ನಿನ್ನ ಮಷಿನ್ ಮ್ಯಾಲೆ ಯಾರ ಭರೋಸಾ ಇಡಬೇಕು?"

"ಬ್ಯಾಡ್ರಿ," ಎಂದ ಬಸವಪ್ರಭು. "ಅದು ಹೋಗ್ತದಂತ ಗೊತ್ತಿದ್ದ ಬಂದೇನಿ."

ತ್ರಿವೇಣಿ ತಲೆಯೆತ್ತಿದಳು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅನ್ನದ ದಾರಿಗೆ ತಾನೇ ಕಲ್ಲು ಹಾಕಿಕೊಂಡು ಬಂದು ನಿಂತಿದ್ದಾನೆ... ತನಗಾಗಿ. ಕೆಡಿಸಿದ್ದೀರಿ ಎಂದು ಬೈದು ಬಂದವಳಿಗಾಗಿ.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಗೌರಾಬಾಯಿಯವರು ನೋಯುವ ಮೊಣಕಾಲೂರಿ ಶಿಷ್ಯೆಯ ಮುಂದೆ ಕೂತರು. ಎರಡೂ ಕೈ ಜೋಡಿಸಿದರು.

"ಬಾಯೀ, ಬ್ಯಾಡ್ರಿ!" ತ್ರಿವೇಣಿ ಗಾಬರಿಯಾಗಿ ಆ ಕೈ ಹಿಡಿದಳು.

"ಹನ್ನೆರಡು ವರ್ಷ ಈ ಕೈಲೆ ತಾಳಾ ಹಾಕಿ ಕಲಿಸೀನಿ. ಈ ಕೈ ನಂಬ್ಲಿಲ್ಲ, ಸೀಡಿ ನಂಬಿದೆ. ಎದುರಿಗೆ ಕೂಡಿಸಿ ಇನ್ನೊಮ್ಮೆ ಹಾಡವಾ ಅಂತ ಅನ್ನಬೇಕಿತ್ತು. ಅನ್ನಲಿಲ್ಲ. ಈಗ ಹಾಡು. ಮಷಿನ್ ಬ್ಯಾಡ."

ತ್ರಿವೇಣಿ ಬಾಯಿ ತೆರೆದಳು. ಧ್ವನಿ ಹೊರಡಲಿಲ್ಲ. ಗುರುವಿನ ಕೈ ಅವಳ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಒಂದು ಸುತ್ತು ಹೋಯಿತು. ಎರಡು. ಮೂರನೇ ಸುತ್ತಿನ ಮೊದಲ ಪೆಟ್ಟಿಗೆ ಅವಳ ಧ್ವನಿ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗದೆ ಬಂದಿಳಿಯಿತು. ಹಾಡು ಮುಗಿಯುವವರೆಗೂ ಗೌರಾಬಾಯಿಯವರು ಕಣ್ಣೊರೆಸಿಕೊಳ್ಳಲಿಲ್ಲ.

"ನಿಗಡಿ ಕ್ಲಾಸ್ ಅನುಜಾಗ ಕೊಟ್ಟೇನಿ. ಆಕಿ ತಪ್ಪೇನಿಲ್ಲ, ಕೊಟ್ಟ ಮಾತು ತಿರುಗಸಲಿಕ್ಕೆ ಬರೂದಿಲ್ಲ," ಎಂದರು ಕೊನೆಗೆ. "ಆದ್ರ ಎಲ್ಲಿ ಕೂತು ಕಲಿಸಿದ್ರೂ ನನ್ನ ಹೆಸರು ಹೇಳಿ ಕಲಸು. ಇಷ್ಟ ನನ್ನ ಕಡೆ ಉಳದದ."

ತ್ರಿವೇಣಿ ಅವರ ಪಾದ ಮುಟ್ಟಿದಳು. ಕ್ಲಾಸು ಹೋದದ್ದು ನೋಯಿಸಿತು, ಇಲ್ಲವೆನ್ನಲಾಗದು. ಆದರೆ ಕಳೆದುಹೋಗಿದ್ದ ತ್ರಿವೇಣಿ ಅವಳಿಗೆ ಮರಳಿ ಸಿಕ್ಕಿದ್ದಳು.

* * *

ಕೆಳಗೆ ರಿಕ್ಷಾದಲ್ಲಿ ಬಸವಪ್ರಭು ಸಾಮಾನು ತುಂಬುತ್ತಿದ್ದ. ದೊಡ್ಡ ಮಾನಿಟರಿಗೆ ಜಾಗ ಸಾಲಲಿಲ್ಲ.

"ನನ್ನ ತೊಡಿ ಮ್ಯಾಲೆ ಇಡ್ರಿ," ಎಂದು ತ್ರಿವೇಣಿ ಹತ್ತಿ ಕೂತಳು. "ಖಡಕಿತನಕ ಬರ್ತೀನಿ."

ಅವನು ದಂಗಾಗಿ ನೋಡಿದ. ರಿಕ್ಷಾ ಹೊರಟಿತು. ಚಿಂಚವಡ ದಾಟಿದ ಮೇಲೆ ಅವಳೇ ಮಾತು ತೆಗೆದಳು.

"ನಿಮ್ಮನ್ನ ಏನೇನೋ ಅಂದೆ ನಾ. ಕ್ಷಮಾ ಮಾಡ್ರಿ."

"ನೀವು ಅಂದಿದ್ದಕ್ಕ ಚಪ್ಪಾಳಿ ಹೊಡದು ನೋಡಿದೆ. ಇಲ್ಲಂದ್ರ ನಾ ಜನ್ಮಪೂರ್ತಿ ಅದನ್ನ ಕಲಾ ಅಂತ ಕೇಳ್ತಿದ್ದೆ."

"ತಪ್ಪಾದ ಹಾಡನ್ನ ದಿನಾ ಕೇಳ್ತಿದ್ರಿ. ಅಂದ್ರ ನಿಮಗ ಸೇರಿದ್ದು ಮಷಿನ್ ತಪ್ಪು, ನಾ ಅಲ್ಲ."

"ಹಂಗಲ್ರಿ." ಕಿವಿಗಳು ಮತ್ತೆ ಕೆಂಪಾದವು. "ಸರಿ ಮಾಡಿದ ಮ್ಯಾಲೆ ಕೇಳೋದು ಇನ್ನೂ ಹೆಚ್ಚಾಗೇದ. ಆ ಖೋಲಿ... ದಿನಾ ಸಂಜಿಗೆ ಖಾಲಿ ಇರ್ತದರಿ. ಖಡಕಿಯಾಗ ಹಾಡು ಕಲಿಯೂ ಮಕ್ಕಳು ಭಾಳ ಅದಾವ. ನೀವು ಅಲ್ಲಿ ಕಲಸ್ರಿ."

"ಮಂದಿ ಏನಂತಾರ? ಯಾವ ಸಂಬಂಧಕ್ಕ ಬಂದು ಕೂಡ್ಲಿ?"

ಅವನು ರಸ್ತೆ ನೋಡಿದ, ಮಾನಿಟರ್ ನೋಡಿದ, ಕೊನೆಗೆ ಅವಳನ್ನು ನೋಡಿದ.

"ನನ್ನ ಲಗ್ನಾ ಆಗ್ತೀರೇನ್ರಿ?"

"ಹೂಂ."

ಬಸವಪ್ರಭು ಬೆರಗಾದ. "ಇಷ್ಟ ಲಗೂ ಹೇಳಿಬಿಟ್ರಿ? ವಿಚಾರಾನೂ ಮಾಡ್ಲಿಲ್ಲ?"

ತ್ರಿವೇಣಿ ಮಾನಿಟರಿನ ಮೇಲೆ ಗಲ್ಲ ಊರಿ, ಅವನನ್ನು ನೋಡಿ ಮೆಲ್ಲಗೆ ನಕ್ಕಳು.

"ನಾ ಎಂದೂ ತಡಾ ಮಾಡಿದಾಕಿ ಅಲ್ರಿ. ಇವತ್ತ ಎಲ್ಲಾರ ಮುಂದ ನೀವ ತೋರಿಸೀರಲ್ಲ."