ಬೆಳ್ಳಿಯ ತೊಡೆ ಕಲ್ಲಾದದ್ದು

ಕಟುಂ.

ಅಮಾವಾಸ್ಯೆಯ ನಡುರಾತ್ರಿ ಲಾಯದ ಕಡೆಯಿಂದ ಬಂದ ಸಣ್ಣ ಸದ್ದು. ಜೆಯಂತಿಗೆ ಎಚ್ಚರವಾಯಿತು. ಇಲಿ ಇರಬೇಕು ಅಂದುಕೊಂಡಳು. ಆದರೂ ಮತ್ತೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಚಿನ್ನಮನೂರು ರಸ್ತೆಯಲ್ಲಿ ಬೆಳ್ಳಿ ನಿಂತುಬಿಟ್ಟಿತು. ಉತ್ತಮಪಾಳಯಂ ಸುತ್ತಿನ ಗಾಡಿ ಪಂದ್ಯಗಳಲ್ಲಿ ಸೋತು ಗೊತ್ತಿಲ್ಲದ ಬಿಳಿ ಹೆಣ್ಣುಕುದುರೆ ಅದು. ಈಗ ಬಾಳೆತೋಟದ ಪಕ್ಕ ಕಾಲು ಹೂತಂತೆ ನಿಂತಿತ್ತು. ಮೈಯೆಲ್ಲ ಬೆವರು. ಉಚ್ಚೆ ಡಿಕಾಕ್ಷನ್ ಬಣ್ಣ. ಜೆಯಂತಿ ಅದರ ತೊಡೆ ಮುಟ್ಟಿದಳು. ರುಬ್ಬುಗುಂಡು ಮುಟ್ಟಿದ ಹಾಗಿತ್ತು.

ಹೋದ ಅಮಾವಾಸ್ಯೆಯ ಮರುದಿನವೂ ಸ್ವಲ್ಪ ಹೀಗೇ ಆಗಿತ್ತು.

"ವಿಸ," ಅಂದರು ಮಾವ ಮೂಕಯ್ಯ. "ಅಯ್ಯನಾರೇ ಇಕ್ಕವನೆ. ಸಂಜೆಗೆ ಅವನನ್ನ ಟೇಸನ್‌ಗೆ ಒಪ್ಪಿಸ್ತೀನಿ."

ಅಯ್ಯನಾರ್ ಕುದುರೆ ನೋಡಿಕೊಳ್ಳುವವನು. ಪಂದ್ಯದ ಎದುರಾಳಿ ಪಳನಿಸಾಮಿಯ ಜೊತೆ ಅವನು ಟೀ ಕುಡಿದದ್ದನ್ನು ಊರೇ ನೋಡಿತ್ತು. ಅವನ ಪೆಟ್ಟಿಗೆಯಲ್ಲಿ ಬಿಳಿ ಪುಡಿಯ ಪೊಟ್ಟಣವೂ ಸಿಕ್ಕಿತು.

"ಅಕ್ಕಾ, ನಾನು ವಿಸ ಇಕ್ಕಿದ್ರೆ ಇವಳು ನನ್ನ ಕೈ ಮೂಸ್ತಾಳಾ?" ಅಂದ ಅಯ್ಯನಾರ್. ಅಷ್ಟು ನೋವಿನಲ್ಲೂ ಬೆಳ್ಳಿ ಅವನ ಅಂಗೈಗೆ ಮೂತಿ ಇಟ್ಟಿತ್ತು.

*

ಪಶುವೈದ್ಯೆ ಮುತ್ತುಸೆಲ್ವಿ ಬಂದು ಡ್ರಿಪ್ಸ್ ಹಾಕಿದರು. ಪುಡಿ ನೋಡಿ ನಕ್ಕರು. ಬೆವರುವ ಕುದುರೆಗೆಂದು ತಾವೇ ಕೊಟ್ಟ ಉಪ್ಪು ಅದು. ರಕ್ತವನ್ನು ಪರೀಕ್ಷೆಗೆಂದು ತೇಣಿ ಪಟ್ಟಣಕ್ಕೆ ಕಳಿಸಿದರು.

ಸಂಜೆ ಅವರ ಫೋನ್ ಬಂತು. ವಿಷವಿಲ್ಲ, ಮಾಂಸಖಂಡ ಒಡೆದಿದೆ. ಕೆಲವು ಕುದುರೆಗಳಿಗೆ ಹುಟ್ಟಿನಿಂದಲೇ ಈ ದೋಷ ಇರುತ್ತದಂತೆ. ತಿಂದ ಕಾಳಿನ ಹಿಟ್ಟು, ಸಿಹಿ ಎಲ್ಲ ಖಂಡದೊಳಗೇ ಕೂಡಿಕೊಳ್ಳುತ್ತದೆ. ಒಂದು ದಿನ ಸುಮ್ಮನೆ ನಿಲ್ಲಿಸಿ ಮರುದಿನ ಓಡಿಸಿದರೆ ಖಂಡ ಬಿಗಿದುಹೋಗುತ್ತದೆ. ಔಷಧಕ್ಕಿಂತ ಮೇವೇ ಮುಖ್ಯ. ಕಾಳು, ಸಿಹಿ ಬಿಡಿಸಿ ಒಣಹುಲ್ಲು ಕೊಡಬೇಕು, ಬಲಕ್ಕೆ ಚೂರುಚೂರೇ ಎಣ್ಣೆ. ನೋವು ಇಳಿದ ಮೇಲೆ ಒಂದು ದಿನವೂ ತಪ್ಪದೆ ನಡೆಸಬೇಕು.

ಸಿಹಿ ಮೈಯೊಳಗೆ ಹೋಗಿ ಕಲ್ಲಾಗುತ್ತದೆ. ಜೆಯಂತಿ ಫೋನ್ ಹಿಡಿದೇ ನಿಂತಳು. ಅಷ್ಟು ವೇಗ ಇದ್ದ ಮೈಯೊಳಗೇ ಇದೂ ಇತ್ತೇ?

ಆದರೆ ಸಿಹಿ ಕೊಟ್ಟವರು ಯಾರು? ಓಡುವ ಕುದುರೆಗೆ ಸಲಿಗೆ, ಸಿಹಿ ಎರಡೂ ಕೂಡದೆಂದು ಮಾವನೇ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದರು.

ಅಂಗಳದಲ್ಲಿ ಮೂಕಯ್ಯ ಬೈಕ್ ತೆಗೆಯುತ್ತಿದ್ದರು. ಹಿಂದೆ ಅಯ್ಯನಾರ್ ತಲೆ ತಗ್ಗಿಸಿ ನಿಂತಿದ್ದ. ಮಾವನ ಹೆಗಲ ವಸ್ತ್ರದ ತುದಿಯಲ್ಲಿ ಒಂದು ಗಂಟು. ಗಂಟಿನ ಸುತ್ತ ಇರುವೆ.

*

"ಮಾಮಾ, ಲಾಯಕ್ಕೆ ಬನ್ನಿ. ನೀವೊಬ್ಬರೇ."

ವೈದ್ಯೆಯ ಮಾತನ್ನೂ ತಾನು ಕಂಡದ್ದನ್ನೂ ಅವಳು ಮೆಲ್ಲಗೆ ಹೇಳಿದಳು. ಅಮಾವಾಸ್ಯೆಗೆ ಈ ಮನೆಯಲ್ಲಿ ಗಾಡಿ ಕಟ್ಟುವುದಿಲ್ಲ. ಎರಡು ಸಲವೂ ಕುದುರೆ ನಿಂತದ್ದು ಅದರ ಮರುದಿನವೇ. ಇಲಿ ಕಡಿದರೆ ಕರಕರ ಎಂದು ಬಹಳ ಹೊತ್ತು ಕೇಳುತ್ತದೆ. ರಾತ್ರಿ ಕೇಳಿದ್ದು ಒಂದೇ ಸದ್ದು: ದೊಡ್ಡ ಹಲ್ಲು, ಗಟ್ಟಿ ಬೆಲ್ಲ.

"ಅಯ್ಯನಾರ್ ಕೊಟ್ಟಿದ್ರೆ ಇರುವೆ ನಿಮ್ಮ ವಸ್ತ್ರಕ್ಕೆ ಯಾಕ್ ಬರ್ತದೆ ಮಾಮಾ?"

ಮೂಕಯ್ಯ ಗಂಟು ಬಿಚ್ಚಿದರು. ಅರ್ಧ ಕರುಪ್ಪಟ್ಟಿ, ಗಟ್ಟಿ ತಾಳೆಬೆಲ್ಲ. ಅಂಚಿನಲ್ಲಿ ಕುದುರೆಯ ಹಲ್ಲಿನ ಗುರುತು.

"ಗಾಡಿ ಇಲ್ಲದ ದಿನ ಇವಳಿಗೆ ಮನಸ್ಸು ಕೆಡ್ತದೆ ಅಂತ..." ಬೆಲ್ಲವನ್ನು ಸೊಸೆಯ ಕೈಗಿಟ್ಟು ಹೊರಗೆ ಹೋದರು.

"ಕಾಯ್ಲೆ ತಂಬೀ," ಅಂದರು ಅಯ್ಯನಾರ್‌ಗೆ, ಸೇರಿದ್ದ ಜನರೆಲ್ಲ ಕೇಳುವಂತೆ. "ನಾನು ತಪ್ಪು ಹೇಳ್ಬುಟ್ಟೆ. ನೀನೇ ನೋಡ್ಕೋ ಇವಳನ್ನ."

*

ಮುಂದಿನ ಅಮಾವಾಸ್ಯೆಗೆ ಊರು ಬೆರಗಾಯಿತು. ಎಂದೂ ಕುದುರೆಯ ಕತ್ತು ಸವರದ ಮೂಕಯ್ಯ ಬೆಳ್ಳಿಯ ಹಗ್ಗ ಹಿಡಿದು ಬಾಳೆತೋಟದ ದಾರಿಯಲ್ಲಿ ನಡೆಯುತ್ತಿದ್ದರು. ಬೆಳ್ಳಿಯ ತೊಡೆ ಮತ್ತೆ ನೀರಿನ ಹಾಗೆ ಆಡುತ್ತಿತ್ತು. ತಿರುವಿನಲ್ಲಿ, ಯಾರೂ ಇಲ್ಲವೆಂದುಕೊಂಡು, ಅವರು ಬರಿಗೈ ಚಾಚಿದರು. ಕುದುರೆ ಆ ಬರಿಗೈಯನ್ನು ನೆಕ್ಕಿತು, ಬಹಳ ಹೊತ್ತು.

ಬಾಳೆ ಮರೆಯಲ್ಲಿ ನಿಂತಿದ್ದ ಜೆಯಂತಿ ಉಸಿರು ಬಿಗಿಹಿಡಿದಳು. ಇದನ್ನಾಗಲಿ ಆ ಬೆಲ್ಲದ ಸುದ್ದಿಯನ್ನಾಗಲಿ ಯಾರಿಗೂ ಹೇಳುವುದಿಲ್ಲ, ಗಂಡನಿಗೂ ಕೂಡ, ಎಂದುಕೊಂಡು ಸದ್ದಾಗದಂತೆ ಹಿಂದೆ ಸರಿದಳು.